ಸಾವಿರ ವಾಟ್

ಬುಧವಾರ, ಮಧ್ಯಾಹ್ನ

ಕುಳ್ಳಿಯ ಅಪ್ಪನಿಗೆ,

ಆರಾಮಾಗಿದ್ದೀರಿ ಅಂದುಕೊಳ್ಳುತ್ತೇನೆ. ಫೋನಿನಲ್ಲಾದರೆ ಎರಡನೇ ಮಾತಿಗೇ ನಮ್ಮ ಜಗಳ ಶುರುವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬಸ್ಸಿನ ಡ್ರೈವರಣ್ಣನ ಕೈಯಲ್ಲಿ ಕಳಿಸುತ್ತೇನೆ, ನಾಳೆ ಸಿಗುತ್ತದೆ. ಅಕ್ಷರ ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ಅರ್ಧಕ್ಕೆ ಮಡಚಿಡಬೇಡಿ.

ನಿನ್ನೆ ಸಂಜೆ ಆನ್‌ಲೈನ್ ಆಟದ ನಡುವೆ ಮಗಳು ನಿಮ್ಮನ್ನು ಬಿಟ್ಟು ಎದ್ದುಹೋಗಲಿಲ್ಲ. ಮೊನ್ನೆಯೂ ಇಲ್ಲ. ಕಂಪ್ಯೂಟರೇ ಆಫ್ ಆಯಿತು. ಅವಳು ಮತ್ತೆ ಆನ್ ಮಾಡಿ ಒಳಗೆ ಬರುವಷ್ಟರಲ್ಲಿ ನೀವು ತಂಡದವರಿಗೆ, ಇವಳೂ ಅವರಮ್ಮನ ಹಾಗೇ, ಸಿಟ್ಟು ಬಂದರೆ ಬಾಗಿಲು ಹಾಕ್ಕೋತಾಳೆ, ಭಾನುವಾರದ ಪಂದ್ಯಕ್ಕೆ ಬೇರೆಯವರನ್ನ ನೋಡಿ ಅನ್ನುತ್ತಿದ್ದಿರಿ. ಅವಳ ಕಿವಿಗೆ ಬಿತ್ತು, ನನ್ನ ಕಿವಿಗೂ. ಹೀಗಾಯಿತು ಅಂತ ಹೇಳಲೂ ಇಲ್ಲ, ಮೈಕ್ ಆಫ್ ಮಾಡಿ ಕೂತಳು. ಹಟದಲ್ಲಿ ಮಾತ್ರ ನಿಮ್ಮ ಮಗಳೇ.

ತಪ್ಪು ನನ್ನದು ರೀ. ಆಟ ಅಪ್‌ಡೇಟ್ ಆದಾಗಿನಿಂದ ಚಿತ್ರ ತಡವರಿಸುತ್ತಿತ್ತು. ಇವಳು ಗುರಿ ಹಿಡಿಯುವಷ್ಟರಲ್ಲಿ ಎದುರಿನವರು ಹೊಡೆದಾಗಿರುತ್ತಿತ್ತು. ಇಸ್ತ್ರಿಗೆ ಬಟ್ಟೆ ತರುವವರನ್ನೆಲ್ಲ ಕೇಳಿದೆ. ಒಬ್ಬರು ರ್‍ಯಾಮ್ ಹಾಕಿಸಿ ಅಂದರು, ಇನ್ನೊಬ್ಬರು ಡಬ್ಬವನ್ನೇ ಗುಜರಿಗೆ ಹಾಕಿ ಅಂದರು. ಕಂಪ್ಯೂಟರ್ ಅಂಗಡಿಯವನು ಮಾತ್ರ, ಚಿತ್ರ ಬಿಡಿಸೋದು ಗ್ರಾಫಿಕ್ಸ್ ಕಾರ್ಡಮ್ಮಾ, ಅದನ್ನ ಹಾಕಿ ಅಂದ. ಡಬ್ಬದೊಳಗೆ ಕರೆಂಟ್ ಹಂಚೋ ಪವರ್ ಸಪ್ಲೈ ಎಷ್ಟು ವಾಟ್ ಅಂತ ಕೇಳಿದ. ಹಿಂದೆ ಕಾಲೇಜಿನ ಹುಡುಗಿಯರು ನಿಂತಿದ್ದರು. ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ನನ್ನ ಇಸ್ತ್ರಿಪೆಟ್ಟಿಗೆ ಮೇಲೆ ಬರೆದದ್ದು ನೆನಪಾಗಿ, ಎರಡೂ ಅದೇ ಪ್ಲಗ್ಗಿಗೆ ತಾನೇ ಹಾಕೋದು ಅಂತ, ಸಾವಿರ ಅಂದುಬಿಟ್ಟೆ. ಅಬ್ಬಾ, ಭಾರಿ ಮಷಿನ್ ಇಟ್ಟಿದ್ದೀರಲ್ಲಮ್ಮಾ ಅಂತ ದೊಡ್ಡ ಕಾರ್ಡನ್ನೇ ಕೊಟ್ಟ. ಬೀಗಿಕೊಂಡು ಬಂದೆ.

ಕುಳ್ಳಿ ವಿಡಿಯೋ ನೋಡಿ ಕೂರಿಸಿದಳು. ಚಿತ್ರವೇನೋ ನೀರಿನ ಹಾಗೆ ಹರಿಯಿತು. ಆದರೆ ಯುದ್ಧ ಜೋರಾದರೆ ಆ ಕಾರ್ಡು ಕರೆಂಟ್ ಎಳೆಯುತ್ತದೆ, ಹಳೆಯ ಪವರ್ ಸಪ್ಲೈ ತಾಳದೆ ಫಟ್ ಅಂತ ಎಲ್ಲವೂ ಆರುತ್ತದೆ. ಬೆಳಿಗ್ಗೆ ಡಬ್ಬ ಹೊತ್ತುಕೊಂಡು ಹೋದೆ. ಅಂಗಡಿಯವನು ಮುಚ್ಚಳ ಬಿಚ್ಚಿ ತೋರಿಸಿದ, ಪವರ್ ಸಪ್ಲೈ ಬರೀ ಮುನ್ನೂರು ವಾಟ್. ಸಾವಿರ ಎಲ್ಲಿದೆ ಅಂತ ಕೇಳಿದ, ಹೇಳಿದೆ. ಇಸ್ತ್ರಿಪೆಟ್ಟಿಗೆಲಿ ಗೇಮ್ ಆಡಿಸ್ತೀರೇನಮ್ಮಾ ಅಂತ ಬಿದ್ದು ಬಿದ್ದು ನಕ್ಕ. ನನಗೆ ಅಳು ಬಂತು.

ಈಗ ನೀವೇ ಹೇಳಿ. ಪವರ್ ಸಪ್ಲೈ ದೊಡ್ಡದು ಹಾಕಿಸಲೇ? ಆ ಹಳೇ ಡಬ್ಬದಲ್ಲಿ ಹಿಡಿಸುತ್ತದೆಯೇ, ಬೆಂಕಿಗಿಂಕಿ ಹತ್ತಿದರೆ? ಕಾರ್ಡು ವಾಪಸ್ ಕೊಟ್ಟು ಚಿಕ್ಕದು ತರಲೇ? ನನ್ನ ತಲೆ ಓಡುತ್ತಿಲ್ಲ. ಇವಳನ್ನು ಕೇಳಿದರೆ, ಬಿಡಮ್ಮಾ, ಇನ್ಯಾರ ಜೊತೆ ಆಡಲಿ ಅಂತ ಗೋಡೆಗೆ ಮುಖ ಮಾಡುತ್ತಾಳೆ. ನೀವು ಮನೆ ಬಿಟ್ಟ ಮೇಲೆ ಅವಳಿಗೆ ಅಪ್ಪ ಸಿಗುವುದು ಆ ಆಟದೊಳಗೆ ಮಾತ್ರ. ಅದೂ ಹೋದರೆ ನಾನು ಅವಳನ್ನು ಹೇಗೆ ಹಿಡಿದಿಡಲಿ? ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ. ಅವಳನ್ನು ತಂಡದಿಂದ ತೆಗೆಯಬೇಡಿ, ಕೈ ಮುಗಿಯುತ್ತೇನೆ.

ಇಂತಿ,
ನಿಮ್ಮ ಮಗಳ ಅಮ್ಮ

ವಿ.ಸೂ.: ಕಳೆದುಹೋದ ಹೆಡ್‌ಫೋನಿಗೆ ಬದಲು ಹೊಸದು ಕಳಿಸುತ್ತೇನೆ ಅಂದಿದ್ದೀರಂತೆ. ಬೇಡ. ಅದು ಕಳೆದಿಲ್ಲ, ನಾನೇ ಬಟ್ಟೆಗಂಟಿನೊಳಗೆ ಬಚ್ಚಿಟ್ಟಿದ್ದೇನೆ. ಸ್ಪೀಕರ್ ಹಾಕಿಕೊಂಡು ಆಡಿದರೆ ನಿಮ್ಮ ದನಿ ನಾನಿರುವಲ್ಲಿಗೂ ಬರುತ್ತದೆ.