ಲೇಸ್ ತೋಳಿನ ಕೈ

ರುವಾಂ,
1671ರ ಅಕ್ಟೋಬರ್ 9

ಮಗಳು ಸಿಬಿಲ್‌ಗೆ ನಿನ್ನ ತಾಯಿ ಬರೆಯುವುದೇನೆಂದರೆ,

ನಾನು ಕ್ಷೇಮ. ನಿನ್ನ ಕ್ಷೇಮ ಕೇಳುವುದಿಲ್ಲ. ಬುಧವಾರ ನಾಟಕ ನೋಡಲು ಬಂದಾಗ ನಿನ್ನ ಮುಖಕ್ಕೆ ಬಳಿದಿದ್ದ ಪೌಡರಿನ ದಪ್ಪ ನೋಡಿದ್ದೇನೆ.

ನಾಟಕ ನನಗೆ ರುಚಿಸುವುದಿಲ್ಲ. ನಿನ್ನ ಗಂಡ ಆಳು ಕಳಿಸಿ ಕರೆದರೆಂದು ಹೋದೆ. ಕೊರ್ವಾಲ್ ವಂಶದ ಪ್ರಭುಗಳು ಜವಳಿ ವ್ಯಾಪಾರಿಯ ವಿಧವೆಯನ್ನು ಕರೆದರಲ್ಲ ಎಂದು ಹಿಗ್ಗಿಯೇ ಹೋದೆ. ಅವರು ತಮ್ಮಂಥವರ ಜೊತೆ, ದೊಡ್ಡವರ ರೂಢಿಯಂತೆ, ರಂಗದ ಮೇಲೆಯೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನೀನು ಎದುರಿನ ಮೇಲಂತಸ್ತಿನಲ್ಲಿ ಒಬ್ಬಳೇ ಇದ್ದೆ. ನನಗೆ ಸಿಕ್ಕಿದ್ದು ಗೋಡೆ ಬದಿಯ ಬೆಂಚು, ಪಕ್ಕದಲ್ಲಿ ಮೇಣದಬತ್ತಿ ಮಾರುವವನ ಹೆಂಡತಿ.

ಮೊದಲ ಅಂಕದಲ್ಲೇ ನನ್ನ ಹಳದಿ ರೇಷ್ಮೆ ಗೌನು ನಡೆದು ಬಂತು. ನಿನ್ನ ಮದುವೆಗೆ ನಾನು ಹೊಲಿಸಿಕೊಂಡು, ಆಮೇಲೆ ನಿನಗೆ ಕೊಟ್ಟದ್ದು. ದೊಡ್ಡ ಮನೆಯವರು ಹಳೆಯ ಬಟ್ಟೆಯನ್ನು ನಟರಿಗೆ ಕೊಡುವುದು ವಾಡಿಕೆ; ಅದಕ್ಕೆ ನನ್ನ ದೂರಿಲ್ಲ. ಅದರೊಳಗೆ ಗಡ್ಡ ಬೋಳಿಸಿದ ಒಬ್ಬ ದಪ್ಪ ಗಂಡಸಿದ್ದ. ಅವನ ಪಾತ್ರ, ಮಗಳನ್ನು ಪ್ರಭುಗಳಿಗೆ ಕೊಟ್ಟ ಜವಳಿಯವನ ವಿಧವೆ. ಅಳಿಯ ಸೀನಿದರೂ ಮಂಡಿ ಬಗ್ಗಿಸಿ ವಂದಿಸುವವಳು.

ಎರಡನೆಯ ಅಂಕದಲ್ಲಿ ಆ ವಿಧವೆಯ ಮಗಳು ಅಳುತ್ತ ಬಂದು ಕಂದಿದ ಮಣಿಕಟ್ಟು ತೋರಿಸಿದಳು. ಆ ಗಂಡಸು ಸೊಂಟಕ್ಕೆ ಕೈಯಿಟ್ಟು, "ಅಳ್ತೀಯಾಕೆ ಹುಚ್ಚಿ? ಹೊಡೆದ ಕೈ ಯಾರ್ದು ನೋಡು. ಲೇಸ್ ತೋಳಿನ ಕೈ ಕಣೆ ಅದು. ನಿಮ್ಮಪ್ಪಂಗಿದ್ದಿದ್ದು ಬರೀ ಉಣ್ಣೆ ತೋಳು. ಹೋಗು, ಮನೆಗೆ ಹೋಗು" ಎಂದ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮ ಹಿತ್ತಲ ಬಾಗಿಲಲ್ಲಿ, ನಾನು ನಿನಗೆ ಹೇಳಿದ ಮಾತು ಅದು. ಒಂದಕ್ಷರ ಬದಲಿಲ್ಲ. ಅಲ್ಲಿ ನಾವಿಬ್ಬರೇ ಇದ್ದೆವು. ಅದನ್ನು ಗಂಡನ ಕಿವಿಗೆ ಹಾಕಿದ್ದು ನಿನ್ನ ತಪ್ಪು; ಅವರು ಅದನ್ನು ನಟರ ಬಾಯಿಗೆ ಹಾಕಿದರು.

ಸಭೆ ಬಿದ್ದು ಬಿದ್ದು ನಕ್ಕಿತು. ಪಕ್ಕದವಳು ನನ್ನ ತೊಡೆ ತಟ್ಟಿ, "ಇವಳೂ ಒಬ್ಬ ತಾಯಿನಾ? ಗಿಳಿ ಸಾಕಿ ಗಿಡುಗನ ಕೈಗೆ ಕೊಟ್ಟವ್ಳೆ. ಅಲ್ವೇನ್ರಮ್ಮಾ?" ಎಂದಳು. ಅಷ್ಟರಲ್ಲಿ ನಿನ್ನ ಗಂಡ ಕುರ್ಚಿಯಿಂದೆದ್ದು ನನ್ನತ್ತ ಟೋಪಿ ತೆಗೆದು ಬಾಗಿದರು. ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು.

ನಾನು ನಕ್ಕೆ. ಅದು ನಾನಲ್ಲ ಎಂದು ತೋರಿಸಲು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆ. ನೀನೊಬ್ಬಳು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದೆ.

ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ಮಾಡಬೇಕಾದದ್ದನ್ನು ಹೇಳುತ್ತೇನೆ. ಬರುವ ಗುರುವಾರ ನಿನ್ನ ಗಂಡ ಬೇಟೆಗೆ ಹೋಗುತ್ತಾನಂತೆ. ನಮ್ಮ ಬಂಡಿಯಾಳು ಮಾತ್ಯುರಾಂ ಉಣ್ಣೆಯ ಬಂಡಿಯನ್ನು ನಿಮ್ಮ ಚರ್ಚಿನ ಹಿಂದೆ ನಿಲ್ಲಿಸಿರುತ್ತಾನೆ. ಏನನ್ನೂ ತರಬೇಡ. ಈ ಸಲ ಹಿತ್ತಲಿಗೆ ಬರಬೇಡ, ಬೀದಿ ಬಾಗಿಲಿಗೇ ಬಾ, ನೋಡುವವರು ನೋಡಲಿ. ಬಾಗಿಲು ನಾನೇ ತೆಗೆಯುತ್ತೇನೆ. ಪತ್ರವನ್ನು ನಿನ್ನ ದಾಸಿಯ ಕೈಗೇ ಕೊಡಲು ಹೇಳಿದ್ದೇನೆ. ಓದಿ ಒಲೆಗೆ ಹಾಕು.

ನಿನ್ನ ತಾಯಿ,
ಪೆರೀನ್ ಬೊವಾಸೊ

ತಾ.ಕ.: ನಿನ್ನ ತಪ್ಪು ಎಂದು ಮೇಲೆ ಬರೆದದ್ದು ಸುಳ್ಳು. ನೀನು ಬಂದು ಹೋದ ಮರುದಿನ ಆ ಮಾತನ್ನು ಅವನಿಗೆ ಬರೆದು ಕಳಿಸಿದವಳು ನಾನೇ. ನನ್ನ ಬುದ್ಧಿಯನ್ನು ಮೆಚ್ಚಲಿ, ಒಮ್ಮೆಯಾದರೂ ತನ್ನ ಮನೆಯ ಊಟಕ್ಕೆ ಕರೆಯಲಿ ಎಂದು. ನೀನು ಮಣಿಕಟ್ಟು ತೋರಿಸಲು ಬಂದಿದ್ದೆ ಎಂಬುದೂ ಅದರಲ್ಲಿತ್ತು. ಅಲ್ಲಿಂದಾಚೆಗೆ ನಿನ್ನನ್ನು ಏಕೆ ಒಬ್ಬಳೇ ಹೊರಗೆ ಬಿಡಲಿಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ. ಇದನ್ನು ಓದಿದ ಮೇಲೂ ಬರುವುದಾದರೆ, ಬಂಡಿ ಅಲ್ಲಿರುತ್ತದೆ.