ಹತ್ತಿರ ಬಂದವರಿಗಷ್ಟೇ ತಿಳಿಯುವ ಘಮ

ಜೂನ್ ೧೪

ಚಿರಂಜೀವಿ ಪುಟ್ಟುವಿಗೆ,

ಹೇಗಿದ್ದೀಯ? ನಾನು ಆರೋಗ್ಯವಾಗಿದ್ದೇನೆ. ನಿನ್ನ ಮದುವೆಯಾಗಿ ವರ್ಷವಾಗುತ್ತ ಬಂತು, ಶುಭ ಕೋರಿ ಬರೆಯುವುದಕ್ಕೆ ನನಗೆ ಈಗ ಕೈ ಬಂತು. ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಸಲ ಶುರುಮಾಡಿದೆ. ಪ್ರತಿ ಸಲವೂ ‘ಹೇಗಿದ್ದೀಯ’ ಎಂಬಲ್ಲಿಗೇ ಪೆನ್ನು ನಿಂತುಬಿಡುತ್ತಿತ್ತು. ಎಂಟು ವರ್ಷದ ಮಗನನ್ನು ಅಪ್ಪನ ಹತ್ತಿರ ಬಿಟ್ಟು ಬಂದವಳು ಹದಿನೆಂಟು ವರ್ಷದ ಮೇಲೆ ಅದಕ್ಕಿಂತ ಮುಂದೆ ಏನು ಕೇಳಬೇಕು, ಹೇಳು.

ಪಾರ್ಸಲ್ಲಿನಲ್ಲಿರುವ ಚಿಕ್ಕ ಬಾಟಲಿ ನಾನೇ ಮಾಡಿದ್ದು. ಗಂಡಸರ ಸೆಂಟು. ನಾನು ಸೆಂಟಿನ ಕಾರ್ಖಾನೆಯಲ್ಲಿ ಬೆರೆಸುವ ಕೆಲಸದಲ್ಲಿದ್ದೇನೆಂದು ನಿನ್ನ ಸೋದರತ್ತೆ ಹೇಳಿರಬಹುದು. ಇಷ್ಟು ವರ್ಷ ಸಾಹುಕಾರರು ಹೇಳಿದ್ದನ್ನು ಬೆರೆಸುತ್ತಿದ್ದೆ. ಮನುಷ್ಯ ಬಾಗಿಲಲ್ಲಿರುವಾಗಲೇ ಒಳಗಿದ್ದವರ ತಲೆ ತಿರುಗಬೇಕು, ಅಂಥವು. ಈ ಸಲ ನನ್ನ ಮನಸ್ಸಿಗೆ ಬಂದದ್ದನ್ನು ಮಾಡಿದೆ. ಲ್ಯಾವೆಂಡರ್, ಒಂಚೂರು ದೇವದಾರು, ಒಗೆದು ಒಣಹಾಕಿದ ಅಂಗಿಯ ಹಾಗೆ ತೆಳ್ಳನೆಯ ಘಮ. ಸಾಹುಕಾರರು ಸೆಂಟಿನಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಮೂಗಿಗೆ ಹಿಡಿದು, “ಇದೇನ್ರೀ, ನೀರು ಚಿಮುಕಿಸಿದ ಹಾಗಿದೆ! ಯಾರು ತಗೋತಾರೆ ಇದನ್ನ?” ಎಂದರು.

ಇದು ಕಾಗದದ ಮೇಲೆ ಗೊತ್ತಾಗುವುದಿಲ್ಲ, ಮೈಗೆ ಹತ್ತಬೇಕು ಎಂದೆ. ನಮ್ಮ ವ್ಯಾನಿನ ಡ್ರೈವರಿಗೆ ನಿನ್ನದೇ ವಯಸ್ಸು. ಅವನನ್ನು ಕೂರಿಸಿ ಕತ್ತಿಗೆ ಎರಡು ಹನಿ ಹಚ್ಚಿದೆ. ನಕ್ಕುಬಿಟ್ಟ. “ಅಕ್ಕಾ, ಏನೂ ಬರ್ತಾನೇ ಇಲ್ಲ. ನನ್ನ ಮೂಗು ಕೆಟ್ಟಿದ್ಯೋ, ನಿಮ್ಮ ಬಾಟ್ಲಿ ಕೆಟ್ಟಿದ್ಯೋ?”

ಮರುದಿನ ಗಾಡಿ ನಿಲ್ಲಿಸಿದವನೇ ಸೀದಾ ನನ್ನ ಮೇಜಿಗೆ ಬಂದ. “ಹದಿನೈದು ದಿನದಿಂದ ನನ್ನ ಹೆಂಡ್ತಿ ಮುಖ ಊದಿಸ್ಕೊಂಡಿದ್ಳು, ಅಕ್ಕಾ. ನಿನ್ನೆ ಊಟ ಬಡಿಸೋಕೆ ಬಗ್ಗಿದೋಳು ಹಾಗೇ ನಿಂತ್ಬಿಟ್ಳು. ಎಲ್ಲಿಂದ ಬರ್ತಿದೆ ಇದು ಅಂತ ಭುಜಕ್ಕೆ ತಲೆ ಇಟ್ಳು. ಇವತ್ತೂ ಒಂಚೂರು ಹಚ್ಚಿ!”

ಹಚ್ಚಿ, ಸಾಹುಕಾರರ ಮುಂದೆ ನಿಲ್ಲಿಸಿದೆ. ಅವರು ಅವನ ಕತ್ತಿನ ಹತ್ತಿರ ಬಗ್ಗಿದರು. ಇನ್ನೊಮ್ಮೆ ಬಗ್ಗಿದರು. ಆಮೇಲೆ, “ಇನ್ನೂರು ಬಾಟ್ಲಿ ಮಾಡಿ, ನೋಡೋಣ” ಎಂದರು.

ಮೊದಲನೆಯದು ನಿನಗೆ. ಊರಿನ ಗಂಡಸರಿಗೆಲ್ಲ ಬೆರೆಸಿಕೊಟ್ಟವಳಿಗೆ ಸ್ವಂತ ಮಗನ ಮೈಯಲ್ಲಿ ಅದು ಹೇಗೆ ಕೂರುತ್ತದೆಂದು ಗೊತ್ತಿಲ್ಲ. ಬಿಸಿಲಲ್ಲಿ ಆಡಿ ಬಂದ ನಿನ್ನ ನೆತ್ತಿಯ ವಾಸನೆಯೊಂದೇ ನನ್ನ ಮೂಗಿನಲ್ಲಿ ಉಳಿದಿರುವುದು.

ನಿನ್ನ ಅಪ್ಪನಿಗೂ ನನಗೂ ಹೊಂದಲಿಲ್ಲ. ಅದರಲ್ಲಿ ನಿನ್ನ ತಪ್ಪು ಏನೂ ಇರಲಿಲ್ಲ. ಇದನ್ನು ಆವತ್ತೇ ನಿನ್ನನ್ನು ಕೂರಿಸಿಕೊಂಡು ಹೇಳಬೇಕಿತ್ತು. ಉತ್ತರ ಬರೆಯಲೇಬೇಕೆಂದಿಲ್ಲ. ಸೆಂಟು ಹಿಡಿಸದಿದ್ದರೆ ಯಾರಿಗಾದರೂ ಕೊಟ್ಟುಬಿಡು. ನೀವಿಬ್ಬರೂ ತಣ್ಣಗಿರಿ, ಒಬ್ಬರ ಮುಖ ನೋಡಿ ಒಬ್ಬರು ನಗುವಂತಿರಿ.

ಇಂತಿ,
ಅಮ್ಮ

ತಾ.ಕ.: ನಿನ್ನ ನೆತ್ತಿಯ ವಾಸನೆಯೊಂದೇ ಉಳಿದಿದೆ ಎಂದು ಮೇಲೆ ಬರೆದದ್ದು ಸುಳ್ಳು. ಮಾರ್ಚಿನಲ್ಲಿ ನಿನ್ನ ಕನ್ನಡಕದಂಗಡಿಗೆ ಬಂದಿದ್ದೆ. ವಿಳಾಸ ಸೋದರತ್ತೆ ಕೊಟ್ಟಿದ್ದು, ಅವಳನ್ನು ಬೈಯಬೇಡ. ನೀನು ಮೂರು ಫ್ರೇಮು ತೋರಿಸಿದೆ. ಒಂದನ್ನು ನೀನೇ ನನ್ನ ಮುಖಕ್ಕೆ ಹಾಕಿ, ಕಿವಿಯ ಹಿಂದೆ ಬೆರಳಿಟ್ಟು ಸರಿಮಾಡಿದೆ. ಅಷ್ಟು ಹತ್ತಿರ ಬಂದಿದ್ದೆ ನೀನು. ಸೋಪು, ಇಸ್ತ್ರಿ ಮಾಡಿದ ಅಂಗಿ, ಮಿಕ್ಕಿದ್ದು ನೀನು. ಊರಿಗೆ ವಾಪಸ್ಸಾದ ಮರುದಿನವೇ ಬೆರೆಸಲು ಕೂತೆ.

“ನೀವು ಈಗ ನನ್ನ ಕಡೆ ನೋಡಿ ಅಮ್ಮ, ಸರಿಯಾಗಿ ಕಾಣ್ತೀನಾ?” ಎಂದು ನೀನು ಕೇಳಿದೆ. ಕಾಣಿಸುತ್ತಿದ್ದೀ ಎಂದೆ. ನಿನಗೆ ನಾನು ಕಾಣಲಿಲ್ಲ. ಅಂಗಡಿಗೆ ಬರುವ ವಯಸ್ಸಾದವರಿಗೆಲ್ಲ ನೀನು ಅಮ್ಮ ಎನ್ನುತ್ತೀಯೇನೋ. ಇರಲಿ, ಕಿವಿ ತುಂಬ ಕೇಳಿಸಿಕೊಂಡೆ. ಆದರೆ ‘ನೀವು’ ಎಂದುಬಿಟ್ಟೆಯಲ್ಲ ಪುಟ್ಟು. ನನ್ನನ್ನು ನೀನು ಯಾವತ್ತೂ ‘ನೀನು’ ಅಂತಲೇ ಕರೆದವನು.