ಸೋಸದೆ ಬಿಟ್ಟ ಒಂದು ಸಾಲು

ಕೊಪ್ಪಳ
2219ನೇ ಇಸವಿ, ಹದಿಮೂರನೇ ತಿಂಗಳ 4ನೇ ತಾರೀಖು

ಸರ್ಕಾರಿ ಕಚೇರಿಗಳಲ್ಲಿ ದೂರು ಅರ್ಜಿ ಒಡೆದು ಓದುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಅಧಿಕ ಮಾಸವನ್ನು ನಮ್ಮ ಸರ್ಕಾರ ಖಾಯಂ ಮಾಡಿಕೊಂಡಿದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಬದುಕಿರುವ ಯಾರಿಗೂ ಕಚೇರಿಯ ಗುಟ್ಟು ಹೇಳುವುದಿಲ್ಲ ಎಂದು ಪ್ರಮಾಣ ಮಾಡಿದವಳು ನಾನು. ನೀವು ತೀರಿಕೊಂಡು ನೂರೈವತ್ತು ವರ್ಷವಾಯಿತು, ನಿಮಗೆ ಹೇಳಬಹುದು.

ನಿಮ್ಮ ಕಾಲದಲ್ಲಿ ಸಾಹೇಬರ ಮೇಲಿನ ದೂರನ್ನು 'ಪರಿಶೀಲಿಸಿ ವರದಿ ನೀಡಿ' ಎಂದು ಅದೇ ಸಾಹೇಬರಿಗೆ ಕಳಿಸುತ್ತಿದ್ದರಂತೆ. ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ ಎಂದು ತರಬೇತಿಯಲ್ಲಿ ನಾವೆಲ್ಲ ನಗುತ್ತಿದ್ದೆವು. ನಮ್ಮಲ್ಲಿ ಹಾಗಿಲ್ಲ. ನೌಕರರು ಒಳಗಿನ ತಪ್ಪನ್ನು ಬರೆದು ಕಳಿಸಿದರೆ ಮೊದಲ ಮೇಜಿನವರು ಹೆಸರು ಕಿತ್ತು ಬೀಗ ಹಾಕುತ್ತಾರೆ. ಎರಡನೆಯ ಮೇಜು ನನ್ನದು. ನನ್ನಂಥವರನ್ನು ಸೋಸುಗಾರ್ತಿ ಅನ್ನುತ್ತಾರೆ. ಬರೆದವರ ಊರಿನ ಮಾತು, ರೂಢಿ, ಸಿಟ್ಟು ಎಲ್ಲವನ್ನೂ ಸೋಸಿ, ಯಾರು ಬೇಕಾದರೂ ಬರೆದಿರಬಹುದಾದ ಸಪ್ಪೆ ಭಾಷೆಗೆ ಇಳಿಸುವುದು ನನ್ನ ಕೆಲಸ. ಆಮೇಲೆ ತನಿಖೆಯವರು ಒಂದರ ಬದಲು ಅಂಥವೇ ನಾಲ್ಕು ಕಚೇರಿಗೆ ಹೋಗುತ್ತಾರೆ, ದೂರು ಎಲ್ಲಿಂದ ಬಂತೆಂದು ತಿಳಿಯದಿರಲಿ ಎಂದು. ಸೋಸಿದ ಪ್ರತಿಯನ್ನು ಆರೋಪಿಗೂ ಓದಿ ಹೇಳುತ್ತಾರೆ. ಅವನಿಗೂ ನ್ಯಾಯ ಬೇಕಲ್ಲ.

ಹೋದ ವರ್ಷ ಒಂದು ಆಸ್ಪತ್ರೆಯ ಶೀತಕೋಣೆಯಿಂದ ದೂರು ಬಂತು. ಮೂರು ದಿನ ಯಂತ್ರ ಕೆಟ್ಟಿದ್ದರೂ ಕೆಟ್ಟಿಲ್ಲವೆಂದು ಬರೆಸಿ, ಅಧಿಕಾರಿ ಅದೇ ಲಸಿಕೆಯನ್ನು ಮಕ್ಕಳಿಗೆ ಕಳಿಸಿದ್ದ. ಅದರಲ್ಲೊಂದು ಸಾಲಿತ್ತು: "ಕೂಸಿಗೆ ಹಾಕೋ ಲಸಿಕಿ ನಮ್ಮನಿ ಮಜ್ಜಿಗಿಗಿಂತ ಬೆಚ್ಚಗಿತ್ರೀ." ದಿನವಿಡೀ ಸಪ್ಪೆ ಬರೆಯುವ ನನಗೆ ಆ ಸಾಲಿನ ಮೇಲೆ ಆಸೆಯಾಯಿತು. ಮಜ್ಜಿಗೆ ಯಾರ ಮನೆಯಲ್ಲಿಲ್ಲ ಅಂದುಕೊಂಡೆ. ಊರಿನ ಮಾತಿನ ಧಾಟಿ ತೆಗೆದು, ಮಜ್ಜಿಗೆಯನ್ನು ಹಾಗೇ ಬಿಟ್ಟೆ.

ಓದಿ ಹೇಳುವಾಗ ಅಧಿಕಾರಿ ಆ ಸಾಲಿಗೆ ನಕ್ಕು, ಇನ್ನೊಮ್ಮೆ ಓದಿ ಎಂದನಂತೆ. ಶೀತಕೋಣೆಗೆ ದಿನಾ ತಂಬಿಗೆ ತುಂಬ ಮಜ್ಜಿಗೆ ತಂದು ಎಲ್ಲರಿಗೂ ಹಂಚುವವಳು ಒಬ್ಬಳೇ ಇದ್ದಳು. ಮರುದಿನದಿಂದ ಅವಳ ಮಜ್ಜಿಗೆಯನ್ನು ಯಾರೂ ಮುಟ್ಟಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವಳೇ ಕೆಲಸ ಬಿಟ್ಟಳು. ದೂರು ಸಾಬೀತಾಯಿತು, ಅಧಿಕಾರಿ ಮನೆಗೆ ಹೋದ, ಮಕ್ಕಳಿಗೆ ಮತ್ತೆ ಲಸಿಕೆ ಹಾಕಿದರು. ನಮ್ಮ ವಾರ್ಷಿಕ ವರದಿಯಲ್ಲಿ ಅದನ್ನು ಗೆಲುವು ಎಂದು ಬರೆದಿದ್ದೇವೆ.

ಆಮೇಲೆ ಕಚೇರಿಗೆ ಅವಳ ಕಾಗದ ಬಂತು. ಹುಲಿಗೆಮ್ಮ ಎಂಬ ಹೆಸರು ನನಗೆ ತಿಳಿದದ್ದೇ ಆಗ. "ನನ್ನ ಹೆಸರು ನೀವು ಭಾಳ ಜ್ವಾಕಿಲೆ ಮುಚ್ಚಿಟ್ರಿ, ನಿಮ್ಮ ಉಪಕಾರ ಮರಿಯಂಗಿಲ್ಲ. ಬಾಯಿ ಬಿಟ್ಟಾಕಿ ನನ್ನ ಗೆಳತಿ ಗುರುಸಿದ್ದವ್ವ. ಆಕಿ ಒಬ್ಬಾಕಿಗೇ ಹೇಳಿದ್ದೆ. ಇನ್ನ ಆಕಿ ಮಾರಿ ನೋಡಂಗಿಲ್ಲ."

ಓದಿದ ಕೂಡಲೇ ಹೋಗಿ ತಪ್ಪು ನನ್ನದು ಎನ್ನಬೇಕೆನಿಸಿತು. ದೂರು ಕೊಟ್ಟವರನ್ನು ನಾವು ಎಂದೂ ಭೇಟಿಯಾಗಕೂಡದು, ಅವರಿಗೆ ಬರೆಯಲೂ ಕೂಡದು. ಮೂರು ಸಲ ಅನುಮತಿ ಕೇಳಿದೆ. ಮೂರು ಸಲವೂ ಗೋಪ್ಯತೆಯ ದೃಷ್ಟಿಯಿಂದ ಸಾಧ್ಯವಿಲ್ಲ ಎಂದರು. ನಾನು ಹೇಡಿ, ಸುಮ್ಮನಾದೆ.

ಹಿರಿಯರೇ, ಒಂದೇ ಬೇಡಿಕೆ. ನಿಯಮ ಬರೆಯುವಾಗ, ದೂರು ವಿಚಾರಿಸುವವರೇ ತಪ್ಪಿದರೆ ಅದರಿಂದ ನೊಂದವರ ಮನೆಗೆ ಹೋಗಿ ತಪ್ಪಾಯಿತು ಎನ್ನಲು ಒಂದು ದಾರಿ ಇಡಿ. ನೀವು ಇಟ್ಟರೆ ನಮ್ಮ ತನಕ ಬಂದೀತು.

ನಿನ್ನೆ ಗುರುಸಿದ್ದವ್ವ ತೀರಿಕೊಂಡಳು. ಮಣ್ಣಿಗೆ ಹೋಗಿದ್ದೆ. ಹುಲಿಗೆಮ್ಮ ಬಂದಿರಲಿಲ್ಲ. ಗುರುಸಿದ್ದವ್ವ ಯಾರಿಗೂ ಏನೂ ಹೇಳಿರಲಿಲ್ಲ ಎಂಬುದು ಅಲ್ಲಿ ನೆರೆದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನೀಲಗಂಗಾ
ಸೋಸುಗಾರ್ತಿ, ಎರಡನೆಯ ಮೇಜು